ಹಂದಿಮರಿಯ ಆಹಾರದಲ್ಲಿ ಕೊಬ್ಬು

ಕನ್ನಡದಲ್ಲಿ ‘ಕೊಬ್ಬು’ ಎಂಬ ಮಾತಿಗೆ ಸೊಕ್ಕು ಎಂಬ ಅರ್ಥವೂ ಉಂಟು. ಆಗತಾನೇ ಹುಟ್ಟಿದ ಹಂದಿಮರಿಗೆ ಈ ಮಾತು ಎರಡರಲ್ಲಿ ಯಾವ ಅರ್ಥದಲ್ಲಿಯೂ ಸಲ್ಲದು. ಅದರ ಮೈತೂಕದಲ್ಲಿ ಕೊಬ್ಬಿನ ಪಾಲು ಶೇಕಡಾ 1ರಿಂದ 2 ಮಾತ್ರ. ಅದರಲ್ಲಿಯೂ ಬಹುಭಾಗ ಜೀವಕೋಶಗಳ ಪೊರೆಯಲ್ಲಿ ಸೇರಿಹೋಗಿರುವುದರಿಂದ ಉರುವಲಾಗಿ ಒದಗುವುದಿಲ್ಲ. ಮಾನವ ಶಿಶುವಿನ ಮೈಯನ್ನು ಬೆಚ್ಚಗಿಡುವ ಕಂದುಕೊಬ್ಬು ಇದಕ್ಕಿಲ್ಲ. ಆ ಕೊಬ್ಬಿನಲ್ಲಿ ಶಾಖ ಹುಟ್ಟಿಸುವ ಜೀನು ಹಂದಿಯ ವಂಶದಲ್ಲಿ ಸುಮಾರು ಎರಡು ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆಯೆಂದು 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೋಜನ್ ಒಂದೆರಡು ದಿನಗಳಲ್ಲಿ ಕರಗುತ್ತದೆ. ಚಳಿಗೆ ನಡುಗುವ ಮರಿ ತಾಯಿಯ ಮಗ್ಗುಲಿಗೆ ಒತ್ತಿಕೊಂಡು, ಅಲ್ಲಿಯೇ ಅವಳ ಭಾರಕ್ಕೆ ಸಿಕ್ಕಿ ಸಾಯುವುದುಂಟು. ತಾಯಿಯ ಮೈಕೆಳಗೆ ಸಿಕ್ಕಿ ಸತ್ತವೆಂದು ಲೆಕ್ಕಕ್ಕೆ ಬರುವ ಮರಿಗಳಲ್ಲಿ ಹಲವನ್ನು ಮೊದಲೇ ಕುಗ್ಗಿಸಿದ್ದು ಹಸಿವು ಮತ್ತು ಚಳಿ.

ಇಲ್ಲಿ ಒದಗಿಬರುವುದು ಹಾಲು. ಮೊದಲು ಬರುವ ಗಿಣ್ಣುಹಾಲು ಶಕ್ತಿಯ ಜೊತೆಗೆ ರೋಗನಿರೋಧಕ ಪ್ರತಿಕಾಯಗಳನ್ನೂ ನೀಡುತ್ತದೆ. ಗರ್ಭದಲ್ಲಿರುವಾಗ ಅವು ಮರಿಗೆ ದಾಟಿ ಬಂದಿರುವುದಿಲ್ಲ. ಅನಂತರದ ಹಾಲಿನಲ್ಲಿ ಶೇಕಡಾ 6ರಿಂದ 8ರಷ್ಟು ಕೊಬ್ಬಿರುತ್ತದೆ. ಹಸುವಿನ ಹಾಲಿನಲ್ಲಿ ಅದು ಸುಮಾರು 4. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲೊರಿ ದೊರೆತರೆ ಕೊಬ್ಬಿನಿಂದ 9 ದೊರೆಯುತ್ತದೆ. ಹಾಲಿನ ಶಕ್ತಿಯಲ್ಲಿ ಅರ್ಧಕ್ಕೂ ಮಿಕ್ಕಿದ ಪಾಲು ಕೊಬ್ಬಿನದೇ. ತಾಯಿಯ ಆಹಾರಕ್ಕೆ ಕೊಬ್ಬು ಸೇರಿಸಿದರೆ ಹಾಲಿನ ಕೊಬ್ಬಿನ ಅಂಶವೂ ಏರುವುದರಿಂದ, ಮರಿಯನ್ನು ತಾಯಿಯ ಮೂಲಕವೇ ಪೋಷಿಸುವ ಕ್ರಮ ಬಳಕೆಯಲ್ಲಿದೆ.

ಹಾಲನ್ನು ಇಷ್ಟು ಚೆನ್ನಾಗಿ ಅರಗಿಸಿಕೊಂಡ ಮರಿ ಎಣ್ಣೆಯನ್ನೂ ಹಾಗೆಯೇ ಅರಗಿಸಿಕೊಂಡೀತೆಂದು ಎಣಿಸುವುದು ಸಹಜ. ಆದರೆ ಅದು ತಪ್ಪೆಣಿಕೆ. ಮೂರು-ನಾಲ್ಕು ವಾರಗಳ ಪ್ರಾಯದಲ್ಲಿ ಹಾಲು ಬಿಡಿಸಿದಾಗ ಮೇದೋಜೀರಕ ಗ್ರಂಥಿಯ ಲೈಪೇಸ್ ಕಿಣ್ವ ಕುಗ್ಗುತ್ತದೆ. ಹಾಲಿನ ಕೊಬ್ಬು ಅತಿಸೂಕ್ಷ್ಮ ಹನಿಗಳಾಗಿ ಹರಡಿರುತ್ತದೆ. ಹಿಟ್ಟಿಗೆ ಬೆರೆಸಿದ ಎಣ್ಣೆ ಹಾಗಿರುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ವಾರ ಎಣ್ಣೆಯಿಂದ ಹೆಚ್ಚಿನ ಬೆಳವಣಿಗೆ ಕಾಣದು. ಜೀರ್ಣಶಕ್ತಿ ವಾರ ಕಳೆದಂತೆ ಸುಧಾರಿಸುತ್ತದೆ. ಕೊಬ್ಬಿನ ಜಾತಿಯೂ ಇಲ್ಲಿ ಮುಖ್ಯ. ತೆಂಗಿನೆಣ್ಣೆಯಲ್ಲಿರುವ ಕಿರಿದಾದ ಸರಪಳಿಯ ಮೇದಾಮ್ಲಗಳು ಸುಲಭವಾಗಿ ಬಿಡಿಸಿಕೊಂಡು, ಬಹುಪಾಲು ನೇರವಾಗಿ ರಕ್ತದ ಮೂಲಕ ಯಕೃತ್ತನ್ನು ಸೇರುತ್ತವೆ. ದನದ ಕೊಬ್ಬಿನಲ್ಲಿ ಹೆಚ್ಚಾಗಿರುವ ಉದ್ದ ಸರಪಳಿಯ ಸಂತೃಪ್ತ ಆಮ್ಲಗಳು ಎಳೆಯ ಕರುಳಿಗೆ ಕಷ್ಟ.

ಇನ್ನೊಂದು ತೊಡಕು ಪ್ರೋಟೀನಿನದು. ಶಕ್ತಿ ಹೆಚ್ಚಿದಂತೆ ಮರಿ ತಿನ್ನುವ ಪ್ರಮಾಣ ಕಡಿಮೆಯಾಗುವುದುಂಟು. ಆಗ ಅದಕ್ಕೆ ದೊರೆಯುವ ಲೈಸಿನ್ ಮೊದಲಾದ ಅಮೈನೋ ಆಮ್ಲಗಳೂ ತಗ್ಗುತ್ತವೆ. ಎಣ್ಣೆ ಹೆಚ್ಚಿಸಿದವರು ಅವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸದಿದ್ದರೆ ಮರಿಯಲ್ಲಿ ಮಾಂಸಕ್ಕಿಂತ ನೆಣವೇ ಬೆಳೆಯುತ್ತದೆ. ಎಣ್ಣೆ ತಾಜಾ ಇರಬೇಕು. ಕಮಟು ಹತ್ತಿದರೆ ಆಹಾರದಲ್ಲಿನ ಇ ಜೀವಸತ್ವ ನಾಶವಾಗುತ್ತದೆ, ಮರಿಯೂ ಅದನ್ನು ಮೂಸಿ ಬಿಟ್ಟುಬಿಡುತ್ತದೆ.