ಒಂದೇ ದಿಕ್ಕಿಗೆ ಕಿವಿಗೊಡುವ ಆಂಟೆನಾ

ಕೇಬಲ್ ಟಿವಿ ಬರುವ ಮೊದಲು ಮನೆಗಳ ಮಾಡಿನ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಇರುತ್ತಿತ್ತು. ಗಾಳಿಗೆ ಅದು ತುಸು ತಿರುಗಿದರೂ ಸಾಕು, ಪರದೆಯ ತುಂಬ ಚುಕ್ಕಿಗಳು. ಅದು ಯಾಗಿ-ಉಡಾ ಆಂಟೆನಾ. ಜಪಾನಿನ ಸೆಂಡಾಯ್‌ನಲ್ಲಿರುವ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಇದರ ಬಗ್ಗೆ ಬರೆದರು. ತಂತಿ ಸೇರುವುದು ಒಂದೇ ಕಡ್ಡಿಗೆ. ಅದರ ಹಿಂದಿನ ತುಸು ಉದ್ದದ ಕಡ್ಡಿ ಅಲೆಯನ್ನು ಮುಂದಕ್ಕೆ ತಿರುಗಿಸುತ್ತದೆ, ಮುಂದಿನ ಗಿಡ್ಡ ಕಡ್ಡಿಗಳು ಅದನ್ನು ಇನ್ನಷ್ಟು ಒಗ್ಗೂಡಿಸುತ್ತವೆ.

ಇದರಿಂದ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ. ಉಳಿದ ದಿಕ್ಕುಗಳಿಗೆ ಹಂಚಿಹೋಗಬೇಕಾದದ್ದು ಒಂದೇ ಕಡೆ ಸಾಗುತ್ತದೆ, ಅಷ್ಟೆ. ದೂರದ ವೈಫೈಗೆ ಬಳಸುವ 24 ಡಿಬಿಐ ಜಾಲರಿ ಡಿಶ್ ತನ್ನ ನೇರದಲ್ಲಿ, ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಕ್ಕಿಂತ ಸುಮಾರು 250 ಪಟ್ಟು ಬಲ ತೋರುತ್ತದೆ. ಆದರೆ ಸೇವೆಯ ಗುಣಮಟ್ಟಕ್ಕೆ ಅದು ಕಳಿಸುವ ರೀತಿಗಿಂತ ಕೇಳುವ ರೀತಿಯೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕಿವಿಯ ಹಿಂದೆ ಅಂಗೈ ಒಡ್ಡಿದರೆ ಎದುರಿನವರ ಮಾತು ಜೋರಾಗುವುದಷ್ಟೇ ಅಲ್ಲ, ಹಿಂದಿನ ಗದ್ದಲವೂ ತಗ್ಗುತ್ತದೆ. ಅಕ್ಕಪಕ್ಕದ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲೇ ಗಲಾಟೆ ಮಾಡುತ್ತಿರುವಾಗ ಈ ಗುಣಕ್ಕೆ ಬೆಲೆ ಹೆಚ್ಚು. ಕಾನೂನಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಭಾರತದಲ್ಲಿ 2005ರಿಂದ ಈ ತರಂಗಪಟ್ಟಿಗೆ ಪರವಾನಗಿ ಬೇಡ, ಆದರೆ ಆಂಟೆನಾದ ಬಲವೂ ಸೇರಿ ಹೊರಬೀಳುವ ಶಕ್ತಿ 4 ವ್ಯಾಟ್ ಮೀರುವಂತಿಲ್ಲ. 24 ಡಿಬಿಐ ಡಿಶ್ ಇಟ್ಟವರು ರೇಡಿಯೊವನ್ನು ಸುಮಾರು 16 ಮಿಲಿವ್ಯಾಟ್‌ಗೆ ಇಳಿಸಬೇಕು. ಕೇಳುವುದಕ್ಕೆ ಮಾತ್ರ ಅಂಥ ಮಿತಿಯಿಲ್ಲ.

ತಮಿಳುನಾಡಿನ ತೇನಿಯಲ್ಲಿ ಇಂಥ ಆಂಟೆನಾ ಜನರ ಉಪಯೋಗಕ್ಕೆ ಬಂದದ್ದು ಹೀಗೆ. ಅಲ್ಲಿನ ಅರವಿಂದ ಕಣ್ಣಾಸ್ಪತ್ರೆಯನ್ನು ಸುತ್ತಲಿನ ಊರುಗಳ ದೃಷ್ಟಿ ಕೇಂದ್ರಗಳಿಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎರಿಕ್ ಬ್ರೂವರ್ ಅವರ ತಂಡ ವೈಫೈ ಮೂಲಕ ಜೋಡಿಸಿತು. ರೋಗಿ ತನ್ನೂರಿನ ಹತ್ತಿರದಲ್ಲೇ ಕೂತು ಪಟ್ಟಣದ ವೈದ್ಯರೊಡನೆ ವಿಡಿಯೊದಲ್ಲಿ ಮಾತಾಡಬಹುದಿತ್ತು. ದಿನಗೂಲಿ ಬಿಟ್ಟು ಬಸ್ಸು ಹತ್ತಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಆಂಟೆನಾ ಒಂದರಿಂದಲೇ ಕೆಲಸ ಆಗಲಿಲ್ಲ. ವೈಫೈ ನಿಯಮಗಳನ್ನು ಮಾಡಿದ್ದು ಒಂದೇ ಕಟ್ಟಡದೊಳಗೆ ಎಲ್ಲರೂ ಎಲ್ಲರನ್ನೂ ಕೇಳಬಲ್ಲರು ಎಂದುಕೊಂಡು. ಕಳಿಸಿದ ಮಾಹಿತಿಯ ಪ್ರತಿ ಪ್ಯಾಕೆಟ್‌ಗೆ ‘ತಲುಪಿತು’ ಎಂಬ ಉತ್ತರ ಹತ್ತಾರು ಮೈಕ್ರೋಸೆಕೆಂಡುಗಳೊಳಗೆ ಬರಬೇಕು. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ. 15 ಕಿಲೋಮೀಟರ್ ಹೋಗಿಬರಲು 100 ಮೈಕ್ರೋಸೆಕೆಂಡು ಬೇಕು. ಉತ್ತರ ದಾರಿಯಲ್ಲಿರುವಾಗಲೇ ಯಂತ್ರ ಪ್ಯಾಕೆಟ್ ಕಳೆಯಿತೆಂದು ಮತ್ತೆ ಕಳಿಸುತ್ತದೆ. ಸಿಗ್ನಲ್ ತುಂಬಿರುತ್ತದೆ, ವಿಡಿಯೊ ನಿಂತಿರುತ್ತದೆ.

ಇನ್ನೊಂದು ತೊಡಕು ಕಂಬದ ಮೇಲೆಯೇ. ಬೇರೆ ಬೇರೆ ಊರಿಗೆ ಮುಖ ಮಾಡಿದ ಎರಡು ಡಿಶ್‌ಗಳು ಒಂದೇ ಕಂಬದಲ್ಲಿದ್ದರೆ, ಒಂದು ಕಳಿಸುವಾಗ ಪಕ್ಕಕ್ಕೆ ಸೋರುವ ಅಲ್ಪ ಶಕ್ತಿಯೇ ಇನ್ನೊಂದರ ಕಿವಿ ಮುಚ್ಚಿಸುತ್ತದೆ. ದೂರದಿಂದ ಬರುವ ಸಿಗ್ನಲ್ ಅದಕ್ಕಿಂತ ಎಷ್ಟೋ ಕ್ಷೀಣ. ಇದಕ್ಕೆ ಐಐಟಿ ಕಾನ್ಪುರದ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ ಸೂಚಿಸಿದ ದಾರಿ ಬಹಳ ಸರಳ: ಒಂದು ಕಂಬದ ಡಿಶ್‌ಗಳೆಲ್ಲ ಒಟ್ಟಿಗೇ ಕಳಿಸಲಿ, ಆಮೇಲೆ ಒಟ್ಟಿಗೇ ಕೇಳಲಿ. ಬರ್ಕ್ಲಿ ತಂಡ ಇದೇ ಜಾಡಿನಲ್ಲಿ ಮುಂದೆ ಹೋಗಿ, ಬಿಡಿ ಉತ್ತರಗಳ ಬದಲು ಒಂದು ಕಂತಿಗೆ ಒಟ್ಟು ಉತ್ತರ ಕೊಡುವ ವ್ಯವಸ್ಥೆ ಮಾಡಿತು. ಸಾಮಾನ್ಯ ವೈಫೈಗಿಂತ ಎರಡರಿಂದ ಐದು ಪಟ್ಟು ಹೆಚ್ಚು ಮಾಹಿತಿ ಸಾಗಿತೆಂದು 2007ರಲ್ಲಿ ವರದಿ ಮಾಡಿತು.

ಇಂಥ ಸಂಪರ್ಕ ಕಟ್ಟುವವರು ಎದುರಿನ ಕಂಬ ಕಣ್ಣಿಗೆ ಕಂಡರೆ ಸಾಕೆಂದುಕೊಳ್ಳಬಾರದು. ಅಲೆ ಗೆರೆಯಂತೆ ಹೋಗುವುದಿಲ್ಲ. 10 ಕಿಲೋಮೀಟರಿನ ಸಂಪರ್ಕದಲ್ಲಿ ನಟ್ಟನಡುವೆ ಅದು ಸುತ್ತಲೂ ಸುಮಾರು 18 ಮೀಟರ್ ಜಾಗ ಬಯಸುತ್ತದೆ. ಕಡೇಪಕ್ಷ 11 ಮೀಟರ್ ತೆರವಿರಬೇಕು. ಹಸಿ ಎಲೆ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಬೇಸಿಗೆಯಲ್ಲಿ ಕಟ್ಟಿದ ಸಂಪರ್ಕವನ್ನು ಮಳೆಗಾಲದಲ್ಲಿ ಮರಗಳು ಚಿಗುರಿದ ಮೇಲೆ ಇನ್ನೊಮ್ಮೆ ಅಳೆದೇ ನೋಡಬೇಕು.