ದಿನಕ್ಕೆ ಮೂರು ಬಾರಿ ಹಾಲು ಕರೆದರೆ ಲಾಭವೇ? ಹೈನುಗಾರರು ತಿಳಿಯಬೇಕಾದ ಲೆಕ್ಕ

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಕರ್ನಾಟಕದ ಹಳ್ಳಿಗಳಲ್ಲಿ ಹಾಲು ಕರೆಯುವುದು ಹೀಗೆಯೇ, ಏಕೆಂದರೆ ಡೇರಿಯಲ್ಲಿ ಹಾಲು ಅಳೆಸಿಕೊಳ್ಳುವುದೂ ಆ ಎರಡು ಹೊತ್ತಿನಲ್ಲೇ. ಆದರೆ ಹಲವು ದೊಡ್ಡ ಫಾರ್ಮ್‌ಗಳಲ್ಲಿ ಮೂರು ಬಾರಿ ಕರೆಯುತ್ತಾರೆ. ಹಾಗೆ ಮಾಡಿದರೆ ಹಾಲು ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಹೆಚ್ಚುತ್ತದೆ.

ಕಾರಣ ಕೆಚ್ಚಲಿನಲ್ಲೇ ಇದೆ. ಅಲ್ಲಿ ಹಾಲು ದಿನವಿಡೀ ತಯಾರಾಗುತ್ತಿರುತ್ತದೆ. ತುಂಬಿಕೊಂಡಷ್ಟೂ ಒಳಗಿನ ಒತ್ತಡ ಏರುತ್ತದೆ. ಶೇಖರವಾದ ಹಾಲಿನಲ್ಲಿರುವ ಕೆಲವು ಅಂಶಗಳೂ ಸೇರಿ ಉತ್ಪಾದನೆಯ ವೇಗ ತಗ್ಗಿಸುತ್ತವೆ. ಕರೆದು ಖಾಲಿ ಮಾಡಿದರೆ ಈ ತಡೆ ಸರಿಯುತ್ತದೆ. ವಿಜ್ಞಾನಿಗಳು ಒಂದೇ ಹಸುವಿನ ಕೆಚ್ಚಲಿನ ಒಂದು ಪಕ್ಕವನ್ನು ಎರಡು ಬಾರಿ, ಇನ್ನೊಂದನ್ನು ನಾಲ್ಕು ಬಾರಿ ಕರೆದು ನೋಡಿದ್ದಾರೆ. ಮೇವು ಒಂದೇ, ರಕ್ತವೂ ಒಂದೇ. ಆದರೂ ನಾಲ್ಕು ಬಾರಿ ಕರೆದ ಪಕ್ಕದಲ್ಲಿ ಹೆಚ್ಚು ಹಾಲು ಬಂತು. ಕರು ಹಾಕಿದ ಮೊದಲ ಮೂರು ವಾರ ಹೀಗೆ ಕರೆದು ನಂತರ ಎರಡಕ್ಕೆ ಇಳಿಸಿದರೂ ಆ ಹೆಚ್ಚಳದ ಒಂದಿಷ್ಟು ಪಾಲು ತಿಂಗಳುಗಟ್ಟಲೆ ಉಳಿಯಿತು ಎಂಬುದು ಇನ್ನೂ ಕುತೂಹಲದ ಸಂಗತಿ.

ಹಾಗಾದರೆ ಎಲ್ಲರೂ ಮೂರು ಬಾರಿ ಕರೆಯಬಹುದೇ? ಇಲ್ಲಿ ಲೆಕ್ಕ ಹಾಕಬೇಕು. 25 ಲೀಟರ್ ಕೊಡುವ ಎಚ್‌ಎಫ್ ಹಸುವಿನಲ್ಲಿ ಶೇ 15 ಎಂದರೆ ಸುಮಾರು ಮೂರೂಮುಕ್ಕಾಲು ಲೀಟರ್. 8 ಲೀಟರ್ ಕೊಡುವ ಮಿಶ್ರತಳಿಯಲ್ಲಿ ಒಂದು ಲೀಟರ್ ಚಿಲ್ಲರೆ, ಅಷ್ಟೇ. ಅದಕ್ಕಾಗಿ ಮತ್ತೊಮ್ಮೆ ಕೆಚ್ಚಲು ತೊಳೆದು ಕರೆಯಬೇಕು, ಡೇರಿ ತೆರೆಯುವವರೆಗೆ ಹಾಲನ್ನು ತಂಪಾಗಿಡಬೇಕು. ಬಹುತೇಕ ಮನೆಗಳಲ್ಲಿ ಈ ಕೆಲಸ ಹೆಂಗಸರ ತಲೆಗೇ ಬೀಳುತ್ತದೆ, ಆ ದುಡಿಮೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಮೇಲಾಗಿ ಹೆಚ್ಚು ಹಾಲಿಗೆ ಹೆಚ್ಚು ಮೇವು, ಹಿಂಡಿ, ನೀರು ಬೇಕು. ಕೊಡದಿದ್ದರೆ ಹಸು ಸೊರಗುತ್ತದೆ, ಮತ್ತೆ ಗಬ್ಬ ಕಟ್ಟುವುದೂ ತಡವಾಗುತ್ತದೆ. ಒಂದೆರಡು ಹಸು ಸಾಕಿದವರಿಗೆ ಮೂರನೇ ಕರೆತ ಗಿಟ್ಟುವುದು ಕಷ್ಟ.

ಎರಡೇ ಬಾರಿ ಕರೆಯುವವರು ಗಮನಿಸಬೇಕಾದದ್ದು ಹೊತ್ತು. ನಡುವಿನ ಅಂತರ 12 ಗಂಟೆ ಇದ್ದರೆ ಉತ್ತಮ; 14 ಮತ್ತು 10 ಗಂಟೆಯಾದರೂ ನಷ್ಟ ಅಲ್ಪ. ಹೊತ್ತು ದಿನಾ ಬದಲಾಗಬಾರದು. ಕೆಚ್ಚಲು ಒರೆಸಿದಾಗ ಹಾಲಿಳಿಸುವ ಆಕ್ಸಿಟೋಸಿನ್ ಹಾರ್ಮೋನ್‌ನ ಪ್ರಭಾವ ಕೆಲವೇ ನಿಮಿಷ ಇರುತ್ತದೆ. ಆದ್ದರಿಂದ ಒರೆಸಿದ ಮೇಲೆ ತಡಮಾಡದೆ ಕೂತು, ಏಳೆಂಟು ನಿಮಿಷದಲ್ಲಿ ಪೂರ್ತಿ ಕರೆದು ಮುಗಿಸಬೇಕು. ಜಿಡ್ಡು ಹೆಚ್ಚಿರುವುದು ಕೊನೆಯಲ್ಲಿ ಬರುವ ಹಾಲಿನಲ್ಲೇ. ಫ್ಯಾಟ್ ನೋಡಿ ದರ ಕೊಡುವ ಕಡೆ ಅದನ್ನು ಕೆಚ್ಚಲಲ್ಲೇ ಬಿಟ್ಟರೆ ಲೀಟರಿನ ಜೊತೆಗೆ ದರವೂ ಇಳಿಯುತ್ತದೆ.