ಪರದೇಶಕ್ಕೆ ಮುನ್ನ ಸಿರವಾರದ ನೀರು

“ಯಪ್ಪಾ, ರಜಾದಾಗ ಕೀನ್ಯಾಕ್ಕ ಹೋಗಿ ಬರ್ತೀನಿ. ಅಲ್ಲಿ ಮನಿ ಮನಿಗೆ ನೀರಿನ ಫಿಲ್ಟರ್ ಕೂಡ್ಸೋ ಸೇವಾ ಕೆಲಸ ಐತಿ.” ಎಂಜಿನಿಯರಿಂಗ್ ಓದುವ ಮಗ ಹೀಗೆಂದರೆ ಸಿರವಾರದ ತಂದೆ ಮೊದಲು ಖರ್ಚಿನ ಲೆಕ್ಕ ಹಾಕುತ್ತಾನೆ. ತಾಯಿಯ ಚಿಂತೆ ಬೇರೆ: “ಆ ನೀರಾಗ ಏನೈತಿ ಅಂತ ಯಾರಿಗೆ ಗೊತ್ತಪ್ಪಾ?”

ಆಕೆ ಕೇಳಿದ್ದು ಮಗನ ಆರೋಗ್ಯವನ್ನು ನೆನೆದು. ಆದರೆ ಫಿಲ್ಟರ್ ಕೂರಿಸಲು ಹೊರಡುವ ಯಾರೇ ಆಗಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.

ಇಂಥ ತಂಡಗಳು ಹೆಚ್ಚಾಗಿ ಕೂರಿಸುವ ಫಿಲ್ಟರ್‌ಗಳಲ್ಲಿ ಉಸುಕಿನ ಫಿಲ್ಟರ್ ಒಂದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾನ್ಜ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಇದು ನೋಡಲು ಸೊಂಟದೆತ್ತರದ ಕಾಂಕ್ರೀಟ್ ಡಬ್ಬಿ. ತಳದಲ್ಲಿ ಜಲ್ಲಿ, ಅದರ ಮೇಲೆ ಜರಡಿ ಹಿಡಿದು ತೊಳೆದ ಸಣ್ಣ ಉಸುಕು. ಹರಿವು ನಿಂತ ಮೇಲೂ ಉಸುಕಿನ ಮೇಲೆ ಸುಮಾರು 5 ಸೆಂಟಿಮೀಟರ್ ನೀರು ಉಳಿಯುವಂತೆ ಕೊಳವೆಯನ್ನು ಜೋಡಿಸಿರುತ್ತಾರೆ. ಆ ತೇವದಲ್ಲಿ ಸೂಕ್ಷ್ಮಜೀವಿಗಳ ಪದರವೊಂದು ಬೆಳೆದು, ಹೊಸದಾಗಿ ಸುರಿದ ನೀರಿನಲ್ಲಿರುವ ರೋಗಾಣುಗಳನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತದೆ. ಈ ಪದರ ಚೆನ್ನಾಗಿ ಬಲಿಯಲು ಸುಮಾರು ಒಂದು ತಿಂಗಳು ಬೇಕು. ಹದಿನೈದು ದಿನಕ್ಕೆಂದು ಹೋದ ಹುಡುಗರು ಫೋಟೊ ತೆಗೆಸಿಕೊಂಡು ವಿಮಾನ ಹತ್ತುವ ಹೊತ್ತಿಗೆ ಫಿಲ್ಟರ್ ಇನ್ನೂ ಪೂರ್ತಿ ಕೆಲಸವನ್ನೇ ಆರಂಭಿಸಿರುವುದಿಲ್ಲ ಎಂದಾಯಿತು!

ಇನ್ನೊಂದು ಸಂಗತಿ. ಈ ಫಿಲ್ಟರ್ ಕೆಸರು ಮತ್ತು ರೋಗಾಣುಗಳಿಗೆ ಮದ್ದು. ನೀರಿನಲ್ಲಿ ಕರಗಿರುವ ಫ್ಲೋರೈಡಿನ ಮೇಲೆ ಇದರ ಆಟ ನಡೆಯದು. ಈ ವ್ಯತ್ಯಾಸವನ್ನು ಕಲಿಯಲು ಕೀನ್ಯಾದವರೆಗೆ ಹೋಗಬೇಕಿಲ್ಲ.

ಒಂದೇ ಸೀಮೆ, ಎರಡು ನೀರು

ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸಿರವಾರ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸೀಮೆಯಲ್ಲಿ. ಕಾಲುವೆ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳಲ್ಲಿ ನೀರು ಕೆಂಪಗೆ, ಮಸಕಾಗಿ ಬರುವುದುಂಟು. ಅಲ್ಲಿನ ಭಯ ವಾಂತಿಭೇದಿಯದು. ಕಾಲುವೆ ನೀರು ಸಿಗದ ಊರುಗಳಿಗೆ ಕೊಳವೆ ಬಾವಿಯೇ ಗತಿ. ಅದರ ನೀರು ಕನ್ನಡಿಯಂತೆ ತಿಳಿ, ಆದರೆ ಹಲವೆಡೆ ಫ್ಲೋರೈಡ್ ಮಿತಿ ಮೀರಿರುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಇದು ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಸೇರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಹೋಗುತ್ತದೆಂದು ನಂಬಿದವರಿದ್ದಾರೆ. ಆದರೆ ಕುದಿಸಿದಾಗ ಹೋಗುವುದು ನೀರು, ಫ್ಲೋರೈಡ್ ಅಲ್ಲೇ ಉಳಿದು ಮತ್ತಷ್ಟು ಗಟ್ಟಿಯಾಗುತ್ತದೆ.

ಹೀಗಿರುವಾಗ ಕೊಳವೆ ಬಾವಿಯ ಊರಿನ ಮನೆಗೆ ಉಸುಕಿನ ಫಿಲ್ಟರನ್ನೋ ಅಂಗಡಿಯ ಕ್ಯಾಂಡಲ್ ಫಿಲ್ಟರನ್ನೋ ಕೂರಿಸಿ ಬಂದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. “ಫಿಲ್ಟರ್ ಐತಲ್ಲ” ಎಂದು ಮನೆಯವರು ನಿಶ್ಚಿಂತರಾಗಿಬಿಡುತ್ತಾರೆ. ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕೊಡ ತುಂಬಿಸಿ ತರುತ್ತಿದ್ದ ಸೊಸೆ ಅದನ್ನೂ ಬಿಟ್ಟಾಳು.

ಹಾಗೆಂದು ರೋಗಾಣುಗಳ ಭಯ ಹಿಂದಿನ ಕಾಲದ್ದೆಂದು ತಿಳಿಯುವಂತಿಲ್ಲ. 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು.

ಅಜ್ಜಿಯ ಬಟ್ಟೆ ಸೋಸುಕ

ಫಿಲ್ಟರ್ ಎಂದೊಡನೆ ದುಬಾರಿ ಯಂತ್ರ ನೆನಪಾಗಬೇಕಿಲ್ಲ. ಈ ಭಾಗದ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಮೆಟ್ಟಿಲು ಬಾವಿಯ ನೀರಿನಲ್ಲಿರುವ, ಕಣ್ಣಿಗೆ ಕಂಡೂ ಕಾಣದಂಥ ನೀರುಚಿಗಟದೊಳಗೆ ಕುಳಿತು ಈ ಹುಳುವಿನ ಮರಿ ಹೊಟ್ಟೆ ಸೇರುತ್ತಿತ್ತು. ವರ್ಷದ ನಂತರ ಮೀಟರ್‌ವರೆಗೂ ಉದ್ದದ ದಾರದಂಥ ಹುಳು ಕಾಲಿನಿಂದ ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ಆ ನೋವಿನಲ್ಲಿ ರೋಗಿ ಬಾವಿಗಿಳಿದರೆ ಮತ್ತೆ ಮರಿಗಳು ನೀರಿಗೆ!

1983–84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಇದಕ್ಕೆ ಕೊನೆ ಹಾಡಿತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿದರು, ನೀರಿಗೆ ಔಷಧಿ ಹಾಕಿದರು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸುವುದು. ನೀರುಚಿಗಟ ಬಟ್ಟೆಯಲ್ಲೇ ಉಳಿಯುತ್ತಿತ್ತು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಕಾಸಿಗೆ ಬಾಳದ ಬಟ್ಟೆ ಇಷ್ಟು ಕೆಲಸ ಮಾಡಿದ್ದು ಹೇಗೆ? ನೀರಿನಲ್ಲಿರುವುದು ಏನೆಂದು ಮೊದಲೇ ತಿಳಿದಿತ್ತು. ಜೊತೆಗೆ, ಮನೆಮನೆಗೆ ಮತ್ತೆ ಮತ್ತೆ ಹೋಗುವ ಕಾರ್ಯಕರ್ತರಿದ್ದರು.

ಹೊರಡುವವರ ಸಿದ್ಧತೆ

ಮಗಳಾಗಲಿ ಮಗನಾಗಲಿ ಹೋಗಲೇಬೇಕೆಂದರೆ ಬೇಡವೆನ್ನಬೇಕಾಗಿಲ್ಲ. ಕರೆದೊಯ್ಯುವ ಸಂಸ್ಥೆಗೆ ಪತ್ರ ಬರೆದು ಕೆಲವು ಮಾತು ಕೇಳಿ. ಆ ಊರಿನ ನೀರಿನ ಪರೀಕ್ಷಾ ವರದಿ ಇದೆಯೇ? ಫಿಲ್ಟರ್ ಕಟ್ಟುವ ಸ್ಥಳೀಯ ಗೌಂಡಿ ಯಾರು? ವಿದ್ಯಾರ್ಥಿಗಳು ಮರಳಿದ ಮೇಲೆ ಮೊದಲ ತಿಂಗಳು ಮನೆಗಳಿಗೆ ಹೋಗಿ ನೋಡುವವರು ಯಾರು? ಉತ್ತರ ಬಾರದಿದ್ದರೆ ಅದು ಸೇವೆಯ ಹೆಸರಿನ ಪ್ರವಾಸವೆಂದೇ ನಾನು ತಿಳಿಯುತ್ತೇನೆ. ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡಲು ಹಲವು ದೇಶಗಳು ಬಿಡುವುದಿಲ್ಲ, ಅದನ್ನೂ ವಿಚಾರಿಸಿ. ಕೀನ್ಯಾದಂಥ ದೇಶಗಳಿಗಾದರೆ ಹಳದಿ ಜ್ವರದ ಚುಚ್ಚುಮದ್ದನ್ನು ಅಧಿಕೃತ ಕೇಂದ್ರದಲ್ಲಿ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದೆ ಮರಳಿದರೆ ಇಲ್ಲಿಯ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು.

ಆರೋಗ್ಯದ ಸಿದ್ಧತೆ ನಮ್ಮ ಮಕ್ಕಳಿಗಾಗಿ ಮಾತ್ರವಲ್ಲ. 2010ರ ಭೂಕಂಪದಿಂದ ನಲುಗಿದ್ದ ಹೈಟಿಯಲ್ಲಿ ಅದೇ ಅಕ್ಟೋಬರಿನಲ್ಲಿ ಕಾಲರಾ ಹಬ್ಬಿತು. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಹೊಲಸು ನೀರು ನದಿಗೆ ಸೇರಿದ್ದೇ ಮೂಲ. ಸುಮಾರು 10 ಸಾವಿರ ಮಂದಿ ಸತ್ತರು. ನೆರವಿಗೆ ಹೋದವರ ಜೊತೆಗೇ ರೋಗವೂ ಹೋಗಿತ್ತು. 2016ರಲ್ಲಿ ಆಗಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಬಂದವರ ಶೌಚಾಲಯದ ಹೊಲಸು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಸಂಸ್ಥೆಯನ್ನು ಕೇಳಬಹುದು.

ಪ್ರಯಾಣಕ್ಕೆ ಆರೇಳು ತಿಂಗಳಿದ್ದರೆ ಅಭ್ಯಾಸಕ್ಕೆ ಇಲ್ಲೇ ಜಾಗವಿದೆ. ಎನ್ನೆಸ್ಸೆಸ್‌ನ ಏಳು ದಿನದ ಶಿಬಿರಕ್ಕೆ ಸಿರವಾರ, ಮಾನ್ವಿ ಅಥವಾ ದೇವದುರ್ಗದ ಸೀಮೆಯಲ್ಲಿ ಕಾಲುವೆ ನೀರಿನ ಊರೊಂದು, ಕೊಳವೆ ಬಾವಿಯ ಊರೊಂದು ಆಯ್ದುಕೊಳ್ಳಬಹುದು. ಜಲಜೀವನ ಮಿಷನ್ ಅಡಿ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿಯನ್ನು ಹಳ್ಳಿಯ ಮಹಿಳೆಯರಿಗೆ ಕೊಡಲಾಗುತ್ತಿದೆ. ಅಂಥವರು ಸಿಕ್ಕರೆ ಪಕ್ಕದಲ್ಲಿ ಕೂತು ಕಲಿಯಿರಿ. ಎರಡೂ ಊರಿನ ನೀರಿಗೆ ಫ್ಲೋರೈಡ್ ಪರೀಕ್ಷೆ ಮಾಡಿ, ರೋಗಾಣು ಪರೀಕ್ಷೆಯ ಬಾಟಲಿ ತುಂಬಿಸಿಡಿ. ಮಲಿನ ನೀರಾದರೆ ಒಂದೆರಡು ದಿನದಲ್ಲಿ ಬಾಟಲಿ ಕಪ್ಪಾಗುತ್ತದೆ. ಗೌಂಡಿಯೊಬ್ಬರ ಕೈಕೆಳಗೆ ಉಸುಕು ಜರಡಿ ಹಿಡಿದು, ತೊಳೆದು, ಕಾಲುವೆ ಊರಿನ ಒಂದು ಮನೆಗಾದರೂ ಫಿಲ್ಟರ್ ಕೂರಿಸಿ.

ಆರು ತಿಂಗಳ ನಂತರ, ವಿಮಾನದ ಟಿಕೇಟು ಕೊಳ್ಳುವ ಮುಂಚೆ, ಹೇಳದೆ ಕೇಳದೆ ಒಂದು ದಿನ ಅದೇ ಮನೆಗೆ ಹೋಗಿ. ಫಿಲ್ಟರಿನ ಮೇಲೆ ಜೋಳದ ಚೀಲ ಕೂತಿದ್ದರೆ ಮುಖ ಸಿಂಡರಿಸಬೇಡಿ. ಯಾಕೆ ಬಿಟ್ಟಿರಿ ಎಂದು ಮನೆಯಾಕೆಯನ್ನು ಕೇಳಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ.